ಕೂರೋಕೆ ಬಂದವಳಲ್ಲ

"ಮನೆ ಅಂದ್ಮೇಲೆ ಒಂದು ಗುರಿ ಇರ್ಬೇಕು," ಎನ್ನುತ್ತಾ ಲೀಡರಮ್ಮ ಫ್ರಿಜ್ಜಿನ ಬಾಗಿಲಿಗೆ ಒಂದು ಗುಲಾಬಿ ಕಾರ್ಡು ಅಂಟಿಸಿದಳು.

"ಇದ್ಯಲ್ಲ, ಊಟ," ಎಂದ ಅವಳ ಗಂಡ, ತಟ್ಟೆಯಿಂದ ತಲೆ ಎತ್ತದೆ.

ಭಾನುವಾರದ ಮಧ್ಯಾಹ್ನ. ಮೇಜಿನ ಮೇಲೆ ಅನ್ನ, ಬೇಯಿಸಿದ ಮೊಟ್ಟೆ, ಹುರಿದ ಆಲೂಗಡ್ಡೆ, ಜೊತೆಗೆ ಗಂಡ ಓಡಿಸುವ ಬ್ರೆಡ್ ವ್ಯಾನಿನಲ್ಲಿ ಮಾರಾಟವಾಗದೆ ಉಳಿದ ಒಂದು ಉದ್ದನೆಯ ಬ್ರೆಡ್ಡು. ಆ ಮನೆಯಲ್ಲಿ ಬ್ರೆಡ್ಡನ್ನು ಯಾರೂ ಕೊಂಡವರಲ್ಲ, ಯಾರೂ ಬೇಕು ಅಂದವರಲ್ಲ. ಆದರೂ ದಿನಾ ಹಾಜರು, ಕರೆಯದೆ ಬಂದು ಕೂರುವ ನೆಂಟರ ಹಾಗೆ.

ಲೀಡರಮ್ಮ ಎಂದು ಹೆಸರಿಟ್ಟದ್ದು ಮಗಳು. ಊರಿನ ಆಸ್ಪತ್ರೆಗಳ, ಹೋಟೆಲುಗಳ ಬೆಡ್‌ಶೀಟು ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಎಂಟು ತಿಂಗಳ ಹಿಂದೆ ಅಮ್ಮನಿಗೆ ಟೀಮ್ ಲೀಡರ್ ಎಂಬ ಬ್ಯಾಡ್ಜು ಸಿಕ್ಕಿತ್ತು. ಅವತ್ತು ಸಂಜೆ ಮಗಳು ಬಾಗಿಲಲ್ಲೇ ಅಡ್ಡ ನಿಂತು, "ದಾರಿ ಬಿಡ್ರೋ! ಬರ್ತಿರೋದು ನನ್ನಮ್ಮ ಅಲ್ಲ, ಲೀಡರಮ್ಮ!" ಎಂದು ಕೂಗಿದ್ದಳು. ಹೆಸರು ಅಂಟಿಕೊಂಡಿತು. ಹತ್ತನೇ ಕ್ಲಾಸಿನ ಆ ಹುಡುಗಿಗೆ ಮನೆಯವರು ಇಟ್ಟ ಹೆಸರು ಡೈಲಾಗ್. ಉಪ್ಪು ಕೊಡು ಅನ್ನುವುದಕ್ಕೂ ಹಿಂದೆ ಮ್ಯೂಸಿಕ್ ಬೇಕು ಆ ಮಹಾತಾಯಿಗೆ.

"ಇದೇನು ಬಾಣ?" ಎಂದು ಅಜ್ಜಿ ಕಾರ್ಡಿನತ್ತ ಕತ್ತು ಚಾಚಿದರು. ಅಜ್ಜಿ ಎಂದರೆ ಗಂಡನ ತಾಯಿ. ಅಡುಗೆಮನೆಯಲ್ಲಿ ಒಂದು ಮರದ ಸ್ಟೂಲಿನ ಮೇಲೆ ಕೂತು ತರಕಾರಿ ಹೆಚ್ಚುತ್ತಲೇ ಇಡೀ ಸಂಸಾರ ನಡೆಸುವವರು.

"ಇದು ಗುರಿ ಕಾರ್ಡು, ಅತ್ತೆ. ಈ ಕಡೆ ಡಬ್ಬೀಲಿ 'ನನ್ನ ಗುರಿ' ಬರೀಬೇಕು, ಆ ಕಡೆ ಡಬ್ಬೀಲಿ 'ತಂಡದ ಗುರಿ' ಇರುತ್ತೆ. ಬಾಣ ಇದನ್ನ ಅದಕ್ಕೆ ಸೇರಿಸುತ್ತೆ. ಹೊಸ ಮ್ಯಾನೇಜರ್ ಎರಡು ದಿನ ಟ್ರೈನಿಂಗ್‌ಗೆ ಹೋಗಿ ಕಲ್ತು ಬಂದಿದ್ದಾರೆ. ನಮ್ಮ ಆಸೆ, ಕಂಪನಿ ಆಸೆ ಎರಡೂ ಒಂದೇ ದಿಕ್ಕಿಗೆ ನೋಡ್ಬೇಕಂತೆ. ನಾವೆಲ್ಲ ಒಂದು ಕುಟುಂಬ ಅಂತಾರೆ."

"ಕುಟುಂಬಾನಾ? ಹಾಗಾದ್ರೆ ಅಲ್ಲಿ ಪಾತ್ರೆ ಯಾರು ತೊಳೀತಾರೆ, ಅವನೋ?"

"ಅಜ್ಜೀ, ಸೂಪರ್!" ಡೈಲಾಗ್ ಶಿಳ್ಳೆ ಹೊಡೆದಳು.

ನಾದಿನಿ ಆ ಹೊತ್ತಿಗೆ ಮೇಜಿನ ಹತ್ತಿರ ಇರಲಿಲ್ಲ. ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಅದೇ ಲಾಂಡ್ರಿಯಲ್ಲಿ ಆರು ದಿನ ಊರವರ ಬಟ್ಟೆ, ಏಳನೆಯ ದಿನ ಮನೆಯವರ ಬಟ್ಟೆ. ಗಂಡನ ಮನೆಯಿಂದ ಒಂದೇ ಒಂದು ಪೆಟ್ಟಿಗೆ ಹಿಡಿದು ಅಣ್ಣನ ಮನೆಗೆ ಬಂದವಳು, ಮರುವಾರವೇ ಲಾಂಡ್ರಿ ಸೇರಿದ್ದಳು. ಆಮೇಲೆ ಅತ್ತಿಗೆಯನ್ನೂ ಸೇರಿಸಿದಳು. ಒದ್ದೆ ಬೆಡ್‌ಶೀಟಿನ ಮೂಲೆ ಹಿಡಿದು, ಒಮ್ಮೆ ಚಟ್ಟನೆ ಕೊಡವಿ, ಸುಕ್ಕಿಲ್ಲದೆ ಇಸ್ತ್ರಿ ಮಾಡುವ ಬಿಸಿ ರೋಲರಿನ ಬಾಯಿಗೆ ಕೊಡುವುದನ್ನು ಲೀಡರಮ್ಮನಿಗೆ ಕೈ ಹಿಡಿದು ಕಲಿಸಿದ್ದು ಅವಳೇ. ಲೀಡರ್ ಬ್ಯಾಡ್ಜು ಅತ್ತಿಗೆಗೆ ಸಿಕ್ಕಿತು, ಯಾಕೆಂದರೆ ಅತ್ತಿಗೆಗೆ ರಿಪೋರ್ಟು ಬರೆಯಲು ಬರುತ್ತಿತ್ತು. ನಾದಿನಿ ಅದಕ್ಕೆ ಮುಖ ಗಂಟು ಹಾಕಿದವಳಲ್ಲ. "ನಮ್ಮನೆಗೇ ಬಂತಲ್ಲ," ಅಂದಿದ್ದಳು.

ಊಟದ ಮೇಜು ಒರೆಸಿದ ಮೇಲೆ ಲೀಡರಮ್ಮ ಚೀಲದಿಂದ ಒಂದು ಕಟ್ಟು ಚೀಟಿ ತೆಗೆದಳು. ಟೀಮಿನ ಹತ್ತೂ ಜನ ಬಟ್ಟೆಯ ಟ್ಯಾಗಿನ ಹಿಂಭಾಗದಲ್ಲಿ ಪೆನ್ಸಿಲಿನಿಂದ ಗೀಚಿಕೊಟ್ಟ ಆಸೆಗಳು. ನಾಳೆ ಬೆಳಿಗ್ಗೆ ಗುಲಾಬಿ ಕಾರ್ಡಿನ ಮೇಲೆ ಚೆನ್ನಾಗಿ ಬರೆದು ಕೊಡಬೇಕು.

"ನಿನ್ನ ಅಕ್ಷರ ಮುತ್ತಿನ ಹಾಗಿದೆ. ಬರ್ಕೊಡೇ," ಎಂದು ಮಗಳನ್ನು ಕೂರಿಸಿಕೊಂಡಳು.

"ಒಂದು ಸಿನಿಮಾ ಟಿಕೆಟ್. ಬಾಲ್ಕನಿ."

"ಆಯ್ತು, ಬರಿ. ಇದು ಉದ್ದಕ್ಕಂದು." ಉದ್ದಕ್ಕ ಎಂದರೆ ರೋಲರಿನಲ್ಲಿ ನಾದಿನಿಗೆ ಜೋಡಿಯಾಗಿ ನಿಲ್ಲುವವಳು, ಬಾಗಿಲಿಗಿಂತ ಎರಡು ಬೆರಳು ಎತ್ತರ.

ಡೈಲಾಗ್ ಓದಿದಳು: "ಮಗು ಸ್ಕೂಲಿಂದ ಬರೋ ಹೊತ್ತಿಗೆ ಮನೇಲಿರ್ಬೇಕು."

"ಹಾಗೆ ಬರೆದ್ರೆ ಬಾಣ ಎಲ್ಲಿಗೆ ಹೋಗುತ್ತೆ? ತಂಡದ ಗುರಿ ಗಂಟೆಗೆ ಆರುನೂರು ಬೆಡ್‌ಶೀಟು. 'ಕೆಲಸವನ್ನು ಬೇಗ ಮುಗಿಸುವುದು ನನ್ನ ಗುರಿ' ಅಂತ ಹಾಕು."

"ಇದು: 'ಕಕ್ಕಸಿಗೆ ಹೋಗೋಕೆ ಪರ್ಮಿಷನ್ ಕೇಳೋ ಹಾಗಿರ್ಬಾರ್ದು.'"

"'ಸಮಯವನ್ನು ಸ್ವಂತ ಜವಾಬ್ದಾರಿಯಿಂದ ಪಾಲಿಸುವುದು.'"

"ಅಮ್ಮಾ, ನೀನು ಬರೀ ಲೀಡರ್ ಅಲ್ಲ, ಡಬ್ಬಿಂಗ್ ಆರ್ಟಿಸ್ಟು!" ಡೈಲಾಗ್ ಮುಂದಿನ ಚೀಟಿ ಎತ್ತಿದಳು. "ಇದು ಅತ್ತೇದು. 'ಸ್ಟೂಲು ಇನ್ನೊಂದು ಬೇಕು. ಒಂದೇ ಇದೆ. ಮೊಣಕಾಲು ತಡೆಯಲ್ಲ.'"

ಲೀಡರಮ್ಮ ಬಾಗಿಲ ಕಡೆ ಒಮ್ಮೆ ನೋಡಿದಳು.

ಆ ಸ್ಟೂಲಿನ ವಿಷಯ ಮ್ಯಾನೇಜರಿಗೆ ಗೊತ್ತಿರಲಿಲ್ಲ. ಬಣ್ಣ ಮೆತ್ತಿದ ಹಳೆಯ ಕಬ್ಬಿಣದ ಸ್ಟೂಲು, ಒದ್ದೆ ಬಟ್ಟೆಯ ಟ್ರಾಲಿಯ ಹಿಂದೆ ಇರುತ್ತಿತ್ತು. ಹತ್ತು ಜನರಲ್ಲಿ ಒಂಬತ್ತು ಜನ ನಿಂತಿದ್ದರೆ ಒಬ್ಬಳು ಸ್ಟೂಲಿನ ಮೇಲೆ. ಕೂತವಳ ಕೈಯಲ್ಲಿ ಸೂಜಿ ದಾರ. ಎಲ್ಲಾದರೂ ಬೆರಳಷ್ಟು ಹರಿದ ಬೆಡ್‌ಶೀಟು ಕಂಡರೆ ರೋಲರಿಗೆ ಹೋಗುವ ಮೊದಲೇ ಅವಳ ಮಡಿಲಿಗೆ. ನಾಲ್ಕು ಹೊಲಿಗೆ, ಮುಗಿಯಿತು. ಐವತ್ತರ ಒಂದು ಕಟ್ಟು ಮುಗಿದೊಡನೆ ಯಾರಾದರೂ "ಪಾಳಿ!" ಎಂದು ಕೂಗುತ್ತಿದ್ದರು. ಸ್ಟೂಲಿನವಳು ರೋಲರಿಗೆ, ರೋಲರಿನವಳು ಸ್ಟೂಲಿಗೆ. ಕಾಲಿಗೂ ಕೆಲಸಕ್ಕೂ ಒಟ್ಟಿಗೆ ಆಗುವಂಥ ಈ ಏರ್ಪಾಟು ಕಂಡುಹಿಡಿದವಳು ನಾದಿನಿ. ಇದಕ್ಕೆ ಅವಳು ಯಾವ ಟ್ರೈನಿಂಗಿಗೂ ಹೋಗಿರಲಿಲ್ಲ.

"ಸ್ಟೂಲು ಅಂತ ಬರೆದ್ರೆ ಸ್ಟೂಲಿದೆ ಅಂತ ಗೊತ್ತಾಗೋಗುತ್ತೆ," ಎಂದಳು ಲೀಡರಮ್ಮ. "ಬೇರೆ ಏನಾದ್ರೂ ಹಾಕು. ಕೆಲಸದ ಬಗ್ಗೆ. ಸ್ವಲ್ಪ ಜೋರಾಗಿರ್ಲಿ."

ಜೋರಾಗಿರಲಿ ಎಂದು ಡೈಲಾಗಿಗೆ ಹೇಳುವುದೂ ಒಂದೇ, ಪಟಾಕಿ ಅಂಗಡಿಯಲ್ಲಿ ಕಡ್ಡಿ ಗೀರುವುದೂ ಒಂದೇ. ಹುಡುಗಿ ಎದ್ದು ನಿಂತು, ಟವೆಲ್ಲನ್ನು ಹೆಗಲಿಗೆ ಎಸೆದುಕೊಂಡು, ಧ್ವನಿ ಇಳಿಸಿ ಹೇಳಿದಳು:

"ಕೂರೋಕೆ ಬಂದವಳಲ್ಲ ನಾನು... ನಿಲ್ಲೋಕೆ ಬಂದವಳು!"

ಲೀಡರಮ್ಮ ನಕ್ಕಳು. ಅಪ್ಪನೂ ನಕ್ಕ. ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಯಿತು. "ಅಯ್ಯೋ, ಏನೋ ಒಂದು ಬರೆದು ಮುಗ್ಸು," ಎನ್ನುತ್ತಾ ಅವಳು ಒಳಗೆ ಓಡಿದಳು.

ಅವಳು ಮರಳಿ ಬರುವಷ್ಟರಲ್ಲಿ ಅದು ಗುಲಾಬಿ ಕಾರ್ಡಿನ ಮೇಲೆ ನೀಲಿ ಶಾಯಿಯಲ್ಲಿ, ಮುತ್ತಿನಂಥ ಅಕ್ಷರದಲ್ಲಿ ಕೂತುಬಿಟ್ಟಿತ್ತು.

* * *

ಗುರುವಾರ ಬೆಳಿಗ್ಗೆ ಮ್ಯಾನೇಜರ್ ಎಲ್ಲರನ್ನೂ ರೋಲರಿನ ಮುಂದೆ ಸೇರಿಸಿದ. ಮೂವತ್ತು ದಾಟದ ಮನುಷ್ಯ. ಬೆವರದ ಅಂಗಿ.

"ಫ್ಯಾಮಿಲೀ!" ಎಂದು ಕೈ ತಟ್ಟಿದ. "ನೂರಾರು ಕಾರ್ಡ್ ಓದಿದೆ. ಒಂದೇ ಒಂದು ಕಾರ್ಡು ನನ್ನ ಕಣ್ಣಲ್ಲಿ ನೀರು ತರಿಸ್ತು."

ಗೋಡೆಯ ಮೇಲಿನ ಬಟ್ಟೆ ಸರಿಯಿತು. ಗೇಣುದ್ದದ ಅಕ್ಷರ: ಕೂರೋಕೆ ಬಂದವಳಲ್ಲ ನಾನು, ನಿಲ್ಲೋಕೆ ಬಂದವಳು! ಕೆಳಗೆ ನಾದಿನಿಯ ಫೋಟೋ. ಗುರುತಿನ ಚೀಟಿಯದನ್ನೇ ಹಿಗ್ಗಿಸಿದ್ದರಿಂದ ಅವಳ ಕಣ್ಣು ಎರಡೂ ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಕಣ್ಣಿನ ಹಾಗಿದ್ದವು.

ನಾದಿನಿ ಬ್ಯಾನರ್ ನೋಡಿದಳು. ಆಮೇಲೆ ಅತ್ತಿಗೆಯನ್ನು ನೋಡಿದಳು. ಲೀಡರಮ್ಮ ತನ್ನ ಬ್ಯಾಡ್ಜು ನೆಟ್ಟಗಿದೆಯೇ ಎಂದು ನೋಡಿಕೊಂಡಳು.

"ಇಂಥ ಟೀಮಿಗೆ ಇದು ಬೇಕಾ?" ಮ್ಯಾನೇಜರ್ ಸನ್ನೆ ಮಾಡಿದ. ವಾಚ್‌ಮನ್ ಟ್ರಾಲಿಯ ಹಿಂದಿನಿಂದ ಸ್ಟೂಲನ್ನು ಎಳೆದು ತಂದ. ನೆಲ ಕಿರ್ರೆಂದಿತು. "ಮೊನ್ನೆ ರೌಂಡ್ಸಲ್ಲಿ ಸಿಕ್ತು. ಯಾರದು ಅಂತ ನಾನು ಕೇಳಲ್ಲ. ನಿಮ್ಮಲ್ಲೇ ಒಬ್ರು ದಾರಿ ತೋರ್ಸಿದ್ದಾರೆ. ಇನ್ಮೇಲೆ ನಾವೆಲ್ಲ ಒಟ್ಟಿಗೆ ನಿಲ್ತೀವಿ. ಆಯ್ತಾ?"

ಒಟ್ಟಿಗೆ ನಿಲ್ಲುತ್ತೇವೆ ಎಂದು ಹೇಳಿ ಅವನು ತನ್ನ ಗಾಜಿನ ಕ್ಯಾಬಿನ್ನಿಗೆ ಹೋಗಿ ಕೂತ. ಹೋಗುವ ಮೊದಲು ಲೀಡರಮ್ಮನ ಕಿವಿಯ ಹತ್ತಿರ, "ತಿಂಗಳ ಕೊನೆಗೆ ಸೂಪರ್‌ವೈಸರ್ ಹೆಸರು ಹೇಳ್ತೀನಿ. ನಿಮ್ಮ ಟೀಮಿನ ಬಾಣ ಎಲ್ಲಾ ನೆಟ್ಟಗಿದೆ," ಎಂದ.

ಮಧ್ಯಾಹ್ನ ಊಟದ ಬೆಂಚಿನಲ್ಲಿ ನಾದಿನಿ ಡಬ್ಬಿ ಬಿಚ್ಚಿದಳು. ಉದ್ದಕ್ಕ ತನ್ನ ಡಬ್ಬಿ ಎತ್ತಿಕೊಂಡು ಆ ತುದಿಗೆ ಹೋದಳು. ಉಳಿದವರೂ ಹೋದರು.

"ನಾನು ಬರೆದದ್ದಲ್ಲ ಅದು," ಎಂದಳು ನಾದಿನಿ.

"ಫೋಟೋ ನಮ್ದಾ?" ಎಂದಳು ಉದ್ದಕ್ಕ. "ನಿಂತ್ಕೊಂಡೇ ತಿನ್ನಮ್ಮ. ನೀನು ಕೂರೋಕೆ ಬಂದವಳಲ್ವಲ್ಲ."

ಮೂರು ಮಾರು ದೂರದಲ್ಲಿದ್ದ ಲೀಡರಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಬಾಯಲ್ಲಿದ್ದ ತುತ್ತನ್ನು ಬಹಳ ಹೊತ್ತು ಅಗಿದಳು.

* * *

"ಅತ್ತಿಗೆ, ನಾನು ಬರೆದುಕೊಟ್ಟಿದ್ದೇನು?"

ಅವತ್ತು ಸಂಜೆ, ಎಲ್ಲರ ತಟ್ಟೆಗೆ ಅನ್ನ ಬಿದ್ದಿತ್ತು. ನಾದಿನಿ ಮಾತ್ರ ಸೌಟು ಹಿಡಿದು ನಿಂತಿದ್ದಳು.

"ಊಟದ ಹೊತ್ತಲ್ಲಿ ಬೇಡ," ಎಂದ ಅಣ್ಣ.

"ಅಣ್ಣಾ, ಹುಟ್ಟಿದಾಗಿಂದ ನೋಡ್ತಿದೀನಿ, ನಿಂಗೆ ಯಾವಾಗ್ಲೂ ಊಟದ ಹೊತ್ತೇ. ಸುಮ್ನಿರು. ಅತ್ತಿಗೆ, ನಿನ್ನನ್ನೇ ಕೇಳ್ತಿರೋದು."

"ನೀನು ಸ್ಟೂಲು ಅಂತ ಬರೆದಿದ್ದೆ," ಎಂದಳು ಲೀಡರಮ್ಮ. "ಹಾಗೆ ಕೊಟ್ಟಿದ್ರೆ ಸ್ಟೂಲಿರೋದು ಗೊತ್ತಾಗ್ತಿತ್ತು. ಅದನ್ನ ಉಳಿಸೋಕೇ ಕಣೇ ಬದಲಾಯಿಸಿದ್ದು."

"ಉಳೀತಾ?"

ಲೀಡರಮ್ಮ ತಟ್ಟೆಯ ಅನ್ನ ಕಲಸತೊಡಗಿದಳು.

"ಅತ್ತೆ, ಆ ಲೈನು ನಂದು," ಎಂದಳು ಡೈಲಾಗ್. ಮೊದಲ ಬಾರಿಗೆ ಅವಳ ಮಾತಿಗೆ ಹಿಂದೆ ಮ್ಯೂಸಿಕ್ ಇರಲಿಲ್ಲ. "ತಮಾಷೆಗೆ ಹೇಳಿದ್ದು."

"ನೀನು ಹುಡುಗಿ, ತಮಾಷೆ ಮಾಡ್ದೆ. ನಿಮ್ಮಮ್ಮ ಅದನ್ನ ಕವರಿಗೆ ಹಾಕಿ ಕೊಟ್ಳಲ್ಲ? ಅವಳಿಗೆ ಓದೋಕೆ ಬರಲ್ವಾ? ಓದೋಕೆ ಬರುತ್ತೆ ಅಂತಾನೇ ಲೀಡರ್ ಮಾಡಿದ್ದು!"

"ಹೊಲಿಗೆ ಹಾಕ್ತಾ ಕೂತ್ರೆ ಅದು ಕೂತ ಹಾಗಾ?" ಅಜ್ಜಿ ತಟ್ಟೆ ಸರಿಸಿದರು. "ನಾನು ದಿನಾ ಕೂತ್ಕೊಂಡೇ ಐದು ಜನರ ಹೊಟ್ಟೆಗೆ ಹೆಚ್ತೀನಿ. ಆ ಟೈ ಕಟ್ಟಿರೋನು ಬಂದು ನನ್ನ ಸ್ಟೂಲು ಎಳೀಲಿ ನೋಡೋಣ, ಈಳಿಗೆಮಣೆ ತೋರಿಸ್ತೀನಿ."

"ನಾಳೆ ಎಲ್ಲರ ಮುಂದೆ ಹೇಳು," ಎಂದಳು ನಾದಿನಿ. "ಬರೆಸಿದ್ದು ನಾನು ಅಂತ. ಅಷ್ಟು ಸಾಕು ನಂಗೆ. ಸ್ಟೂಲೂ ಬೇಡ."

ಲೀಡರಮ್ಮ ನೀರು ಕುಡಿದಳು. "ತಿಂಗಳ ಕೊನೆಗೆ ಸೂಪರ್‌ವೈಸರ್ ಹೆಸರು ಹೇಳ್ತಾರೆ. ಅಲ್ಲೀತನಕ ತಾಳ್ಕೋ. ನಾನು ಮೇಲೆ ಹೋದ್ರೆ ಒಂದಲ್ಲ, ಹತ್ತು ಸ್ಟೂಲು ತರಿಸ್ತೀನಿ."

"ಆ ಮ್ಯಾನೇಜರೂ ಹೋಗೋವಾಗ ಹಾಗೇ ಅಂದಿರ್ತಾನೆ, ಆ ಗಾಜಿನ ಡಬ್ಬಿಗೆ."

ಸೌಟು ಪಾತ್ರೆಗೆ ಬಿತ್ತು. ನಾದಿನಿ ಅವತ್ತು ಊಟ ಮಾಡಲಿಲ್ಲ. ಆಮೇಲೆ ಅತ್ತಿಗೆಯ ಜೊತೆ ಮಾತೂ ಆಡಲಿಲ್ಲ.

* * *

ಮಾತು ನಿಂತ ಮನೆಯಲ್ಲಿ ಕೆಲಸಗಳಿಗೆ ನಾಲಿಗೆ ಬಂತು. ನಾದಿನಿ ನಡುಮನೆ ಗುಡಿಸುವಾಗ ಅತ್ತಿಗೆಯ ಕೋಣೆಯ ಹೊಸ್ತಿಲ ತನಕ ಕಸ ತಂದು, ಗೆರೆ ಎಳೆದ ಹಾಗೆ ಅಲ್ಲೇ ಬಿಟ್ಟಳು. ಬಟ್ಟೆ ಒಗೆದಳು, ಅತ್ತಿಗೆಯ ಒಂದು ಸೀರೆ ಬಿಟ್ಟು. ಚಹಾ ನಾಲ್ಕೇ ಲೋಟ ಇಳಿಯಿತು. ಲೀಡರಮ್ಮನಿಗೂ ಕೋಪ ಬಂತು. ಯಾರಿಗಾಗಿ ಒದ್ದಾಡುತ್ತಿದ್ದೇನೆ ನಾನು? ಬೆಳಿಗ್ಗೆ ಐದಕ್ಕೆದ್ದು ಎರಡು ಡಬ್ಬಿ ಕಟ್ಟುವವಳು ಯಾರು? ಒಂದು ಡಬ್ಬಿ ಹಾಗೇ ಮೇಜಿನ ಮೇಲೆ ಉಳಿಯತೊಡಗಿತು. ನಾದಿನಿ ಬ್ರೆಡ್ಡಿನ ಎರಡು ತುಂಡು ಕಾಗದದಲ್ಲಿ ಸುತ್ತಿಕೊಂಡು ಹೋಗುತ್ತಿದ್ದಳು. ಯಾರಿಗೂ ಬೇಡದ ಬ್ರೆಡ್ಡಿಗೆ ಕೊನೆಗೂ ಒಬ್ಬ ಗಿರಾಕಿ ಸಿಕ್ಕಿತ್ತು.

"ಅಮ್ಮಂಗೆ ಹೇಳು, ಬಸ್ಸಿಗೆ ಹೊತ್ತಾಯ್ತು ಅಂತ," ಎನ್ನುತ್ತಿದ್ದಳು ನಾದಿನಿ, ಅಮ್ಮ ಎದುರಿಗೇ ಇದ್ದರೂ.

"ಅತ್ತೆಗೆ ಹೇಳು, ನಂಗೆ ಕಣ್ಣು ಕಾಣುತ್ತೆ ಅಂತ," ಎನ್ನುತ್ತಿದ್ದಳು ಲೀಡರಮ್ಮ.

"ನಾನೇನು ಇಂಟರ್‌ವಲ್ಲಿಗೆ ಬರೋ ಕಾಮಿಡಿ ಆ್ಯಕ್ಟರಾ?" ಎಂದು ಡೈಲಾಗ್ ಬ್ಯಾಗು ಹಿಡಿದು ಹೊರಟುಬಿಡುತ್ತಿದ್ದಳು.

ಸಂಜೆಯಾದರೆ ನಾದಿನಿ ಅಡುಗೆಮನೆಯ ನೆಲದಲ್ಲಿ ಕಾಲು ಚಾಚಿ ಕೂರುತ್ತಿದ್ದಳು. ಅಜ್ಜಿ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಮಗಳ ಮೊಣಕಾಲಿಗೆ ಸುತ್ತುತ್ತಿದ್ದರು. ಮೊಣಕಾಲು ಎರಡೂ ಬನ್ನಿನ ಹಾಗೆ ಊದಿದ್ದವು. ಲೀಡರಮ್ಮ ಬಾಗಿಲಲ್ಲಿ ಕಾಣಿಸಿಕೊಂಡರೆ ಅಜ್ಜಿ ತಲೆ ಎತ್ತದೆ, "ಬಾರಮ್ಮ, ನೋಡ್ಕೊಂಡು ಹೋಗು. ನಿನ್ನ ಬಾಣ ಎಲ್ಲಿ ನಾಟಿದೆ ಅಂತ," ಎನ್ನುತ್ತಿದ್ದರು.

ಅತ್ತ ಲಾಂಡ್ರಿಯಲ್ಲಿ ಲೆಕ್ಕ ಕುಸಿಯಿತು. ಸ್ಟೂಲು ಹೋದ ಮೇಲೆ ಸೂಜಿಯೂ ಹೋಯಿತು. ನಿಂತುಕೊಂಡು ಹೊಲಿಯಲು ಯಾರಿಂದ ಆಗುತ್ತದೆ? ಬೆರಳಷ್ಟು ಹರಿದದ್ದು ರೋಲರಿಗೆ ಸಿಕ್ಕಿ ಮೊಳದಷ್ಟು ಹರಿಯತೊಡಗಿತು. ರೋಲರ್ ನಿಲ್ಲಿಸಬೇಕು, ಸುತ್ತಿಕೊಂಡ ಬಟ್ಟೆ ಬಿಡಿಸಬೇಕು, ಮತ್ತೆ ಬಿಸಿಯಾಗಲು ಕಾಯಬೇಕು. ಗಂಟೆಗೆ ಆರುನೂರು ಇದ್ದದ್ದು ಐನೂರಾಯಿತು, ಆಮೇಲೆ ಅದಕ್ಕೂ ಕಡಿಮೆ. ಒಂದು ಆಸ್ಪತ್ರೆ ಎರಡು ಕಟ್ಟು ವಾಪಸ್ ಕಳಿಸಿತು. ಮ್ಯಾನೇಜರ್ ಬೋರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಅಂಕಿ ಬರೆದ. ಕಾರಣ ಕೇಳಲಿಲ್ಲ. ಬದಲಿಗೆ ಬೆಳಗಿನ ಮೀಟಿಂಗ್ ಹತ್ತು ನಿಮಿಷ ಉದ್ದ ಮಾಡಿದ. ಎಲ್ಲರೂ ನಿಂತುಕೊಂಡೇ ಕೇಳಿದರು.

ನಾಲ್ಕನೆಯ ವಾರ, ಶುಕ್ರವಾರ, ಊಟಕ್ಕೆ ಮುಂಚೆ ನಾದಿನಿಯ ಮೊಣಕಾಲು ಮಡಿಸಿಕೊಂಡಿತು. ಮೂಲೆ ಹಿಡಿದಿದ್ದ ಕೈ ಬೆಡ್‌ಶೀಟಿನ ಜೊತೆಗೇ ರೋಲರಿನ ಕಡೆಗೆ ಹೋಯಿತು. ಮಾತು ಬಿಟ್ಟಿದ್ದ ಉದ್ದಕ್ಕನೇ ಹಾರಿ ಕೆಂಪು ಹಗ್ಗ ಎಳೆದಳು. ರೋಲರ್ ನಿಂತಿತು. ನಾದಿನಿಯ ಅಂಗೈ ಅಂಚು ಬೆಂದಿತ್ತು, ಒಂದು ಬೆರಳಗಲ.

"ಕೈ ತೋರ್ಸೇ," ಎಂದಳು ಉದ್ದಕ್ಕ. ಕೈ ನೋಡಿದಳು, ತಲೆಯೆತ್ತಿ ಬ್ಯಾನರನ್ನೂ ನೋಡಿದಳು. "ಇದನ್ನ ನಿಜವಾಗ್ಲೂ ನೀನು ಬರೆದದ್ದಾ?"

"ಅಲ್ಲ ಅಂತ ಅವತ್ತೇ ಹೇಳ್ದೆ."

"ಮತ್ಯಾರು?"

ನಾದಿನಿ ಬೆಂದ ಕೈಗೆ ಊದಿಕೊಂಡಳು. ಹತ್ತಿರದಲ್ಲೇ ಔಷಧಿ ಡಬ್ಬಿ ಹಿಡಿದು ಅತ್ತಿಗೆ ನಿಂತಿದ್ದಳು. ಮನೆಯಲ್ಲಿ ಮಾತಾಡದ ನಾದಿನಿ, ಲಾಂಡ್ರಿಯಲ್ಲಿ ಅತ್ತಿಗೆಯನ್ನು ಬಿಟ್ಟುಕೊಡಲಿಲ್ಲ.

* * *

ಶನಿವಾರ ಬೆಳಿಗ್ಗೆ ಡೈಲಾಗ್ ಸ್ಕೇಲು ಹುಡುಕುತ್ತಾ ಅಮ್ಮನ ಚೀಲಕ್ಕೆ ಕೈ ಹಾಕಿದಳು. ಸ್ಕೇಲಿನ ಬದಲು ಒಂದು ಕವರ್ ಸಿಕ್ಕಿತು.

"'ತಾವು ಸ್ವತಃ ಘೋಷಿಸಿದ ವೈಯಕ್ತಿಕ ಗುರಿಗೆ ತಕ್ಕಂತೆ ನಡೆದುಕೊಂಡಿರುವುದಿಲ್ಲ,'" ಎಂದು ಗಟ್ಟಿಯಾಗಿ ಓದಿದಳು. ಮೇಜಿನ ಸುತ್ತ ಚಹಾ ಕುಡಿಯುತ್ತಿದ್ದವರ ಲೋಟಗಳು ನಿಂತವು. "'ನಿಲ್ಲೋಕೆ ಬಂದವಳು ಎಂದು ಹೇಳಿಕೊಂಡು, ಕೆಲಸದ ವೇಳೆ ಕುಸಿದು, ತಂಡದ ಗುರಿಗೆ ಧಕ್ಕೆ ತಂದಿರುತ್ತೀರಿ. ಹದಿನೈದು ದಿನದಲ್ಲಿ ಸುಧಾರಣೆ ಕಾಣದಿದ್ದರೆ ಕೆಲಸದಿಂದ ತೆಗೆಯಲಾಗುವುದು.' ಅಮ್ಮಾ... ಕೆಳಗೆ 'ಟೀಮ್ ಲೀಡರ್ ಸಹಿ' ಅಂತಿದೆ."

"ನಾನು ಸಹಿ ಹಾಕಿಲ್ಲ," ಎಂದಳು ಲೀಡರಮ್ಮ.

"ಹರಿದೂ ಹಾಕಿಲ್ಲ," ಎಂದರು ಅಜ್ಜಿ.

ಗಂಡ ಮೊದಲ ಬಾರಿಗೆ ತಿಂಡಿಯ ತಟ್ಟೆ ದೂರ ತಳ್ಳಿದ. "ಏನು ಇದು? ನೀವು ಬರೆಸಿದ ಸುಳ್ಳಿನ ಹಾಗೆ ಅವಳು ನಡ್ಕೊಂಡಿಲ್ಲ ಅಂತ ಅವಳಿಗೇ ನೋಟೀಸಾ? ಮೂರು ದಿನದ ಬ್ರೆಡ್ಡು ಹಾಳಾಗಿದೆ ಅಂತ ಬ್ರೆಡ್ಡಿಗೇ ಬೈದ ಹಾಗಾಯ್ತು!"

ನಾದಿನಿ ಪಟ್ಟಿ ಕಟ್ಟಿದ ಕೈಯಲ್ಲೇ ಕಾಗದ ತೆಗೆದುಕೊಂಡಳು. ಓದಲಿಲ್ಲ. ನಾಲ್ಕಾಗಿ ಮಡಿಸಿ ಮತ್ತೆ ಅತ್ತಿಗೆಯ ಚೀಲಕ್ಕೇ ಹಾಕಿದಳು. "ಅಮ್ಮಂಗೆ ಹೇಳು," ಎಂದಳು ಡೈಲಾಗಿಗೆ, "ಸಹಿ ಹಾಕ್ಲಿ. ಸೂಪರ್‌ವೈಸರ್ ಆಗ್ಬೇಕಲ್ಲ. ನಂಗೇನೂ ಬೇಜಾರಿಲ್ಲ ಅಂತ ಹೇಳು."

ಬೈದಿದ್ದರೆ ಲೀಡರಮ್ಮ ತಡೆದುಕೊಳ್ಳುತ್ತಿದ್ದಳು. ಬೇಜಾರಿಲ್ಲ ಎಂಬ ಮಾತು ಅವಳನ್ನು ಅಡುಗೆಮನೆಯ ಗೋಡೆಗೆ ಒರಗಿಸಿಬಿಟ್ಟಿತು. ಯಾವನೋ ಒಬ್ಬ ಎರಡು ಡಬ್ಬಿ, ಒಂದು ಬಾಣ ಕಲಿತುಬಂದು ಹತ್ತು ಹೆಂಗಸರ ಕಾಲು ಮುರಿದ. ಅವನ ಕೈಗೆ ಬಾಣ ಕೊಟ್ಟವಳು ಯಾರು? ಮಗಳಿಗೆ ಸಿನಿಮಾ ಟಿಕೆಟ್ಟಿನ ಆಸೆ ತೋರಿಸಿ, ಇದೇ ಮೇಜಿನ ಮೇಲೆ.

"ಆ ಪೆನ್ಸಿಲ್ ಚೀಟಿಗಳು ಎಲ್ಲಿವೆ?" ಎಂದು ಕೇಳಿದಳು.

ಡೈಲಾಗ್ ಕಣ್ಣು ಮಿಟುಕಿಸಿದಳು. "ಹಿಸ್ಟರಿ ಬುಕ್ಕಲ್ಲಿ. ಗುರುತಿಗೆ ಇಟ್ಕೊಂಡಿದ್ದೆ. ಹತ್ತೂ ಇವೆ."

"ತಗೊಂಡು ಬಾ. ಅತ್ತೆ, ನಿಮ್ಮ ಸ್ಟೂಲು ನಂಗೆ ಬೇಕು."

ಅಜ್ಜಿ ಸೊಸೆಯ ಮುಖ ನೋಡಿದರು. ಹೆಚ್ಚುತ್ತಿದ್ದ ಕೋಸನ್ನು ಬದಿಗಿಟ್ಟು, ಎದ್ದು, ಸೆರಗಿನಿಂದ ಸ್ಟೂಲನ್ನು ಒರೆಸಿ ಕೊಟ್ಟರು. "ಒಂದು ಕಾಲು ಅಲ್ಲಾಡುತ್ತೆ. ಕಾಗದ ಮಡಿಸಿ ಕೊಡ್ಬೇಕು."

"ಕಾಗದ ಇದೆ," ಎಂದಳು ಲೀಡರಮ್ಮ.

* * *

ಸೋಮವಾರದ ಬಸ್ಸಿನಲ್ಲಿ ಕಂಡಕ್ಟರ್, "ಸ್ಟೂಲಿಗೆ ಅರ್ಧ ಟಿಕೆಟ್ಟಾ, ಫುಲ್ಲಾ?" ಎಂದ. ಲೀಡರಮ್ಮ ಸ್ಟೂಲನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಎರಡು ಸೀಟು ಮುಂದೆ ಕೂತ ನಾದಿನಿ ಒಮ್ಮೆ ಹಿಂತಿರುಗಿ ನೋಡಿದಳು.

ಮೀಟಿಂಗಿನಲ್ಲಿ ಮ್ಯಾನೇಜರ್ ಹೊಸ ಗುಲಾಬಿ ಕಾರ್ಡು ಹಂಚಿದ. "ಫ್ಯಾಮಿಲೀ, ಹೊಸ ತಿಂಗಳು, ಹೊಸ ಗುರಿ! ಅದಕ್ಕೆ ಮುಂಚೆ ಒಂದು ಸಿಹಿ ಸುದ್ದಿ. ನಮ್ಮ ಹೊಸ ಸೂಪರ್‌ವೈಸರ್..."

ಲೀಡರಮ್ಮ ರೋಲರಿನ ಪಕ್ಕದಲ್ಲಿ ಸ್ಟೂಲನ್ನು ಇಟ್ಟಳು. ಅದು ಅಲ್ಲಾಡಿತು. ಚೀಲದಿಂದ ನೋಟೀಸು ತೆಗೆದು, ಇನ್ನೊಂದು ಸಲ ಮಡಿಸಿ, ಆ ಕಾಲಿನ ಕೆಳಗೆ ತುರುಕಿದಳು. ಸ್ಟೂಲು ಗಟ್ಟಿಯಾಗಿ ನಿಂತಿತು.

"ಇದೇನಿದು?" ಎಂದ ಮ್ಯಾನೇಜರ್.

"ನಿಮ್ಮ ಕಾಗದಕ್ಕೆ ಕೆಲಸ ಸಿಕ್ತು ಸಾರ್." ಅವಳು ಗೋಡೆಯತ್ತ ಕೈ ತೋರಿಸಿದಳು. "ಆ ಬ್ಯಾನರಿನ ಮೇಲಿರೋದು ಇವಳ ಮಾತಲ್ಲ. ಬರೆಸಿದ್ದು ನಾನು. ನನ್ನ ಮಗಳ ತಮಾಷೆ ಅದು, ನಾನು ನಗ್ತಾ ಕಳಿಸ್ದೆ. ಇವಳು ಬರೆದದ್ದು ಇದು." ಪೆನ್ಸಿಲ್ ಚೀಟಿ ಎತ್ತಿ ಓದಿದಳು. ಉದ್ದಕ್ಕನದನ್ನು ಓದಿದಳು. ಕಕ್ಕಸಿನದನ್ನೂ ಓದಿದಳು. ಹತ್ತನ್ನೂ ಓದಿದಳು, ಒಂದಕ್ಷರ ಬದಲಾಯಿಸದೆ. "ಎಲ್ಲರ ಆಸೆಗೂ ನಾನು ಬಣ್ಣ ಹಚ್ಚಿದೆ. ನಿಮ್ಮ ಬಾಣ ನೆಟ್ಟಗೆ ಕಾಣ್ಲಿ ಅಂತ. ತಪ್ಪು ನಂದು."

ಉದ್ದಕ್ಕ ನಾದಿನಿಯ ಪಕ್ಕಕ್ಕೆ ಬಂದು ನಿಂತಳು. ಕ್ಷಮೆಗಿಮೆ ಏನೂ ಇಲ್ಲ, ಭುಜಕ್ಕೆ ಭುಜ ತಾಗಿಸಿದಳು ಅಷ್ಟೇ.

"ಓಕೆ, ಓಕೆ," ಮ್ಯಾನೇಜರ್ ನಗಲು ನೋಡಿದ. "ಭಾವನೆ ಅರ್ಥ ಆಗುತ್ತೆ. ಆದ್ರೆ ಲೀಡರ್ ಅಂದ್ರೆ ತಂಡದ ಗುರಿ ಮುಖ್ಯ..."

"ಗಂಟೆಗೆ ಆರುನೂರು ಬರ್ತಿದ್ದದ್ದು ಆ ಸ್ಟೂಲಿಂದ ಸಾರ್! ಕೂತವಳು ಹೊಲೀತಿದ್ಳು, ಅದಕ್ಕೇ ರೋಲರ್ ಓಡ್ತಿತ್ತು. ನಮ್ಮ ಗುರಿ, ಕಂಪನಿ ಗುರಿ ಒಂದೇ ಕಡೆ ಕೂತಿತ್ತು. ನೀವು ಅದನ್ನ ಎಳ್ಕೊಂಡು ಹೋಗಿ ಕೆಂಪು ಶಾಯೀಲಿ ನಮಗೇ ಲೆಕ್ಕ ತೋರಿಸ್ತೀರಾ?"

"ನೀವು ಹೊಸ ಕಾರ್ಡು ತುಂಬಿ. ಎಲ್ಲರೂ. ನಿಮ್ಮ ಕೈಯಾರೆ," ಎಂದ ಅವನು, ಮುಖ ಕೆಂಪಾಗಿ.

ತುಂಬಿದರು. ಗೋಡೆಗೆ ಕಾರ್ಡು ಒತ್ತಿ ಹಿಡಿದು, ಒಬ್ಬರ ಬೆನ್ನ ಮೇಲೆ ಒಬ್ಬರು ಬರೆದು, ಹನ್ನೊಂದು ಕಾರ್ಡು ವಾಪಸ್ ಕೊಟ್ಟರು. ಅವನು ಒಂದೊಂದಾಗಿ ತಿರುವಿದ. ಸ್ಟೂಲು. ಸ್ಟೂಲು. ಕೊಕ್ಕೆ ಅಕ್ಷರದಲ್ಲಿ ಸ್ಟೂಲು. ಬರೆಯಲು ಬಾರದ ಒಬ್ಬಳು ಮೂರು ಕಾಲಿನ ಚಿತ್ರ ಬಿಡಿಸಿದ್ದಳು.

"ಇದೇನು, ಎಲ್ಲರದೂ ಒಂದೇ?"

"ಹೌದು ಸಾರ್," ಎಂದಳು ನಾದಿನಿ. "ಒಂದೇ ದಿಕ್ಕಿಗೆ ನೋಡ್ತಿದೀವಿ."

ಲೀಡರಮ್ಮನ ಬ್ಯಾಡ್ಜು ಅಲ್ಲೇ ಹೋಯಿತು. ಸೂಪರ್‌ವೈಸರ್ ಹೆಸರು ಮುಂದಕ್ಕೆ ಹೋಯಿತು. ವಾಚ್‌ಮನ್ ಸ್ಟೂಲನ್ನು ಎತ್ತಿಕೊಂಡ. ಬೀಗ ಹಾಕುವ ಜಾಗ ಇಡೀ ಲಾಂಡ್ರಿಯಲ್ಲಿ ಒಂದೇ, ಮ್ಯಾನೇಜರಿನ ಗಾಜಿನ ಕ್ಯಾಬಿನ್ನು. ಕಬ್ಬಿಣದ ಸ್ಟೂಲಿನ ಪಕ್ಕ ಅಜ್ಜಿಯ ಸ್ಟೂಲೂ ಅಲ್ಲಿ ಹೋಗಿ ಕೂತಿತು.

ಬ್ಯಾಡ್ಜು ಕಳೆದುಕೊಂಡವಳನ್ನು ರೋಲರಿಗೆ ಹಾಕಿದರು. ಎದುರಿಗೆ ನಾದಿನಿ. ಒಂಬತ್ತು ತಿಂಗಳಿಂದ ಮೂಲೆ ಹಿಡಿಯದ ಕೈ ತಡವರಿಸಿತು. ಬೆಡ್‌ಶೀಟು ಸುಕ್ಕಾಯಿತು.

"ಎಡಗೈ ಮೇಲಕ್ಕೆತ್ತು ಅತ್ತಿಗೆ," ಎಂದಳು ನಾದಿನಿ. "ಎಷ್ಟು ಸಲ ಹೇಳಿಕೊಡ್ಬೇಕು ನಿಂಗೆ?"

* * *

ಅವತ್ತು ಸಂಜೆ ಅಜ್ಜಿ ನಿಂತುಕೊಂಡು ಬೀನ್ಸ್ ಹೆಚ್ಚಿದರು. ಹೆಚ್ಚುವುದಕ್ಕಿಂತ ಬೈಯುವುದೇ ಹೆಚ್ಚಾಗಿತ್ತು. ಬೀನ್ಸಿನ ತುಂಡುಗಳು ಉಗುರಿಗಿಂತ ಸಣ್ಣದಾದವು.

"ಅಜ್ಜಿ ಸ್ಟೂಲು ಹೋದ್ರೇನು?" ಎಂದಳು ಡೈಲಾಗ್. "ನಿಮ್ಮ ಟೀಮಲ್ಲಿ ಎಷ್ಟು ಮನೆ ಇದೆ?"

"ನಮ್ಮದು ಬಿಟ್ಟು ಒಂಬತ್ತು," ಎಂದಳು ನಾದಿನಿ.

"ಒಂಬತ್ತು ಮನೇಲಿ ಒಂಬತ್ತು ಸ್ಟೂಲು ಇರಲ್ವಾ?"

ಅತ್ತಿಗೆ ನಾದಿನಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಪ್ಪ ಅಗಿಯುವುದನ್ನು ನಿಲ್ಲಿಸಿ, "ವ್ಯಾನಲ್ಲಿ ಜಾಗ ಇದೆ," ಎಂದ.

ಮಂಗಳವಾರ ಉದ್ದಕ್ಕನ ಸ್ಟೂಲು ಬಂತು, ಅವಳ ಹಾಗೇ ಉದ್ದ. ಅರ್ಧ ದಿನ ಪಾಳಿ ನಡೆಯಿತು, ಸೂಜಿ ಓಡಿತು. ಮಧ್ಯಾಹ್ನ ವಾಚ್‌ಮನ್ ಅದನ್ನು ಹೊತ್ತು ಕ್ಯಾಬಿನ್ನಿಗೆ ಸಾಗಿಸಿದ. ಬುಧವಾರ ಪ್ಲಾಸ್ಟಿಕ್ಕಿನದು. ಗುರುವಾರ ಒಂದು ಕುರ್ಚಿ, ಬೆನ್ನು ಮುರಿದದ್ದು. ಪ್ರತಿದಿನ ಬೆಳಿಗ್ಗೆ ಒಂದು ಬರುತ್ತಿತ್ತು, ಪ್ರತಿದಿನ ಮಧ್ಯಾಹ್ನ ಒಂದು ಹೋಗುತ್ತಿತ್ತು. "ಯಾರದಿದು?" ಎಂದು ಮ್ಯಾನೇಜರ್ ಕೂಗುತ್ತಿದ್ದ. "ಫ್ಯಾಮಿಲೀದು ಸಾರ್," ಎಂದು ಹನ್ನೊಂದು ಬಾಯಿ ಒಟ್ಟಿಗೆ ಕೂಗುತ್ತಿದ್ದವು.

ಮುಂದಿನ ಗುರುವಾರ ಹತ್ತನೆಯ ಮನೆಯದು ಬಂತು. ಡ್ರೆಸ್ಸಿಂಗ್ ಟೇಬಲ್ಲಿನ ಮುಂದೆ ಇಡುವ, ಕೆಂಪು ಮೆತ್ತೆಯ ಅಗಲವಾದ ಸ್ಟೂಲು. ವಾಚ್‌ಮನ್ ಅದನ್ನು ಕ್ಯಾಬಿನ್ನಿನ ಬಾಗಿಲಲ್ಲಿ ಅಡ್ಡ ಹಿಡಿದ, ಉದ್ದ ಹಿಡಿದ, ಕೊನೆಗೆ ಭುಜ ಕೊಟ್ಟು ಒಳಗೆ ತಳ್ಳಿದ. ಒಳಗೆ ಏನೋ ದಡದಡ ಉರುಳಿತು.

ರೋಲರಿನ ಮುಂದೆ ಅತ್ತಿಗೆ ಒಂದು ಮೂಲೆ, ನಾದಿನಿ ಒಂದು ಮೂಲೆ ಹಿಡಿದು ನಿಂತಿದ್ದರು. ಗಾಜಿನ ಆಚೆ ಮ್ಯಾನೇಜರಿನ ಫೋನು ಬಡಿದುಕೊಳ್ಳುತ್ತಿತ್ತು. ಅವನು ಸ್ಟೂಲುಗಳ ಸಂದಿಯಲ್ಲಿ ಒಂದು ಕಾಲು ಹಾಕಿದ, ಇನ್ನೊಂದು ಹಾಕಲು ಜಾಗ ಸಿಗಲಿಲ್ಲ. ಕೈ ಚಾಚಿ ಫೋನು ಎತ್ತಿದ. ಅವನ ಕುರ್ಚಿ ಆ ರಾಶಿಯ ಹಿಂದೆ ಎಲ್ಲೋ ಇತ್ತು. ವಾಪಸ್ ಬಂದ ಬೆಡ್‌ಶೀಟುಗಳ ಬಗ್ಗೆ ಆಸ್ಪತ್ರೆಯವರು ಬಹಳ ಹೊತ್ತು ಬೈದರು. ಅಷ್ಟು ಹೊತ್ತೂ ಅವನು ಗಾಜಿಗೆ ಒರಗಿ, ಒಂಟಿ ಕಾಲಲ್ಲಿ, "ಎಸ್ ಸಾರ್, ಎಸ್ ಸಾರ್" ಎನ್ನುತ್ತಿದ್ದ. ಅವನ ತಲೆಯ ನೇರ ಮೇಲೆ, ಈಚೆ ಗೋಡೆಯಲ್ಲಿ, ಬ್ಯಾನರ್ ಇನ್ನೂ ತೂಗುತ್ತಿತ್ತು.

"ಪಾಪ, ಎಷ್ಟು ಹೊತ್ತಿಂದ ನಿಂತಿದ್ದಾನೆ," ಎಂದಳು ಅತ್ತಿಗೆ.

ನಾದಿನಿ ಬೆಡ್‌ಶೀಟನ್ನು ಚಟ್ಟನೆ ಕೊಡವಿದಳು.

"ಕೂರೋಕೆ ಬಂದವನಲ್ಲ ಬಿಡು."